ಮೊದಲು ಬಾವಿ ಎಲ್ಲಿದೆ ಕೇಳಿ

ಯಕ್ಷಗಾನ ಮೇಳಗಳ ತಿರುಗಾಟಕ್ಕೂ ಕ್ಯಾಂಪರ್ ವ್ಯಾನ್ ಇಟ್ಟುಕೊಂಡವರ ಕಡಲ ತಿರುಗಾಟಕ್ಕೂ ನಮ್ಮಲ್ಲಿ ಒಂದೇ ಪಂಚಾಂಗ. ದೀಪಾವಳಿ ಕಳೆದ ಮೇಲೆ ಹೊರಡಬೇಕು, ಮಳೆಗಾಲಕ್ಕೆ ಮುಂಚಿನ ಪತ್ತನಾಜೆಗೆ ಗಾಡಿ ಶೆಡ್ಡು ಸೇರಬೇಕು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವಂತಿಲ್ಲ. ಆ ಮಳೆಗಾಲದ ಗಾಳಿಯಲ್ಲಿ ವ್ಯಾನಿನ ಮಗ್ಗುಲಿಗೆ ಟಾರ್ಪಾಲು ಕಟ್ಟಿ ಚಹಾ ಕುಡಿಯುತ್ತೇನೆ ಎನ್ನುವವರಿಗೆ ಹೇಳಲು ನನ್ನಲ್ಲಿ ಏನೂ ಇಲ್ಲ.

ಸಿದ್ಧಕಟ್ಟೆಯಿಂದ ಪಡುಬಿದ್ರಿಗೆ ಎರಡು ರಾತ್ರಿಯ ಯೋಜನೆ ಕೊಡುತ್ತೇನೆಂದು ಕಳೆದ ವಾರ ಮಾತು ಕೊಟ್ಟಿದ್ದೆ. ದಾರಿಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ: ಮೂಡುಬಿದಿರೆ, ಬೆಳುವಾಯಿ, ಕಾರ್ಕಳ, ಬೆಳ್ಮಣ್, ಪಡುಬಿದ್ರಿ. ಬೆಳಗಿನ ಕಾಫಿ ಮುಗಿಸಿ ಹೊರಟರೆ ಬಿಸಿಲೇರುವ ಮೊದಲೇ ಕಡಲು ಕಾಣುತ್ತದೆ. ತಲೆಬಿಸಿ ಶುರುವಾಗುವುದು ತಲುಪಿದ ಮೇಲೆ. ಪಡುಬಿದ್ರಿಯ ತೀರಕ್ಕೆ 2020ರಲ್ಲಿ ಹೊನ್ನಾವರದ ಕಾಸರಕೋಡಿನ ಜತೆಗೇ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಆ ಬಾವುಟ ಹಾರಬೇಕಾದರೆ 33 ಮಾನದಂಡಗಳನ್ನು ಪಾಲಿಸಬೇಕು. ತೀರದ ಮೇಲೆ ವಾಹನ ಓಡಿಸುವುದು, ಅನುಮತಿಯಿಲ್ಲದೆ ಬೀಡುಬಿಡುವುದು, ಕಸ ಸುರಿಯುವುದು ಇವೆಲ್ಲ ಅಲ್ಲಿ ನಿಷಿದ್ಧ. ಹಗಲಿಗೆ ಬ್ಲೂ ಫ್ಲ್ಯಾಗ್, ರಾತ್ರಿಗೆ ಆಸುಪಾಸಿನ ಹೋಮ್‌ಸ್ಟೇ ಅಂಗಳ ಎಂದು ಮೊದಲೇ ಫೋನಿನಲ್ಲಿ ಮಾತಾಡಿಕೊಂಡು ಹೊರಡಿ.

ಅಂಗಳ ಸಿಕ್ಕಿದರೂ ತೆಂಗಿನ ಮರದ ಬುಡದಲ್ಲಿ ವ್ಯಾನ್ ನಿಲ್ಲಿಸಬೇಡಿ. ಕಾಯಿ ಬಿದ್ದರೆ ಗಾಜು ಹೋಗುತ್ತದೆ, ಮಡಲು ಬಿದ್ದರೆ ಸೋಲಾರ್ ಹಲಗೆ. ಗಾಳಿಮರದ ನೆರಳು ಎಷ್ಟೋ ವಾಸಿ. ಮರಳಿಗೆ ಗಾಲಿ ಇಳಿಸಬೇಡಿ; ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರದ ನೀರು ಎಲ್ಲಿಯವರೆಗೆ ಬರುತ್ತದೆಂದು ಅಲ್ಲಿನ ಮೀನುಗಾರರನ್ನೇ ಕೇಳಿ. ಮನೆಗೆ ಬಂದ ದಿನವೇ ಗಾಡಿಯ ಅಡಿಭಾಗಕ್ಕೆ ಸಿಹಿನೀರು ಹೊಡೆಯಿರಿ. ಉಪ್ಪುಗಾಳಿ ನಾಳೆಯ ತನಕ ಕಾಯುವುದಿಲ್ಲ.

ಸಂಚಾರಿ ಬಂಗಲೆ ಪಂಥದವರು ಇದನ್ನೆಲ್ಲ ಓದಿ ನಗುತ್ತಾರೆಂದು ಗೊತ್ತು. ಅವರಿಗೆ ಬಸ್ಸಿನ ಉದ್ದದ ಗಾಡಿ ಬೇಕು, ಅದರೊಳಗೆ ಟಿವಿ ಬೇಕು, ರಾತ್ರಿಯಿಡೀ ಎಸಿ ಬೇಕು. ಸಿದ್ಧಕಟ್ಟೆ, ವೇಣೂರು ಕಡೆಯ ತಿರುವುಗಳಲ್ಲಿ ಅಂಥ ಗಾಡಿ ಎದುರು ಬಂದರೆ ಯಾರು ಹಿಂದೆ ಹೋಗಬೇಕೆಂಬ ಚರ್ಚೆಯಲ್ಲೇ ಹೊತ್ತು ಮುಳುಗುತ್ತದೆ. ಲೆಕ್ಕವನ್ನಾದರೂ ನೋಡಿ. 12 ವೋಲ್ಟಿನ, 200 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 2,400 ವ್ಯಾಟ್-ಅವರ್. ಒಂದು ಟನ್ನಿನ ಎಸಿ ತಾಸಿಗೆ ಸುಮಾರು ಸಾವಿರ ತಿನ್ನುತ್ತದೆ. ಎರಡು ತಾಸಿಗೆ ತಂಪು ಮುಗಿಯಿತು, ಆಮೇಲೆ ಪಕ್ಕದವರ ನಿದ್ದೆ ಕೆಡಿಸುವ ಜನರೇಟರ್. 25 ವ್ಯಾಟಿನ ಫ್ಯಾನು ಬೆಳಗಿನ ತನಕ ತಿರುಗಿದರೂ 250 ದಾಟುವುದಿಲ್ಲ. ಇರುಳಿನಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುವುದರಿಂದ ಮೂಡಣದ ಕಿಟಕಿ ತೆರೆದಿಟ್ಟರೆ ಅದೂ ಬೇಡವಾಗಬಹುದು. ಸಣ್ಣ ಗಾಡಿಗೆ ಇನ್ನೊಂದು ಅನುಕೂಲ: 7,500 ಕಿಲೋ ಒಳಗಿನದಾದರೆ ಕಾರಿನ ಲೈಸೆನ್ಸೇ ಸಾಕು. ಹಳೆಯ ವ್ಯಾನಿಗೆ ಮನಸ್ಸಿಗೆ ಬಂದಂತೆ ಮಂಚ, ಒಲೆ ಜೋಡಿಸುವವರು ಮಾತ್ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಒಮ್ಮೆ ಓದಿಕೊಳ್ಳಲಿ. ಮೋಟಾರ್ ಕ್ಯಾರವಾನ್‌ಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವೇ ಇದೆ.

ಬೀಡುಬಿಡುವ ವಿದ್ಯೆ ಕಲಿಯಲು ಈ ಬಂಗಲೆ ಪಂಥದವರು ಅಮೆರಿಕದ ವಿಡಿಯೊ ನೋಡುವ ಬದಲು ನಮ್ಮ ಸಿದ್ಧಕಟ್ಟೆಯ ಕಂಬಳಕ್ಕೆ ಬರಲಿ. ಕರೆಯಲ್ಲಿ ಓಡುವ ಕೋಣಗಳನ್ನು ಎಲ್ಲರೂ ನೋಡುತ್ತಾರೆ. ಲಾರಿಗಳು ನಿಂತ ಗದ್ದೆಯತ್ತ ಯಾರೂ ಹೋಗುವುದಿಲ್ಲ. ಒಬ್ಬೊಬ್ಬ ಯಜಮಾನರ ತಂಡಕ್ಕೂ ಒಂದೊಂದು ಬಿಡಾರ: ನೆರಳಿಗೆ ಶಾಮಿಯಾನ, ಬೈಹುಲ್ಲು, ಬೇಯಿಸಿದ ಹುರುಳಿ, ಎಣ್ಣೆ, ಜತೆಗೆ ತಮ್ಮೂರಿನ ಬಾವಿಯಿಂದ ತುಂಬಿಸಿ ತಂದ ನೀರು. ನೀರು ಬದಲಾದರೆ ಕೋಣದ ಹೊಟ್ಟೆ ಕೆಡುತ್ತದೆಂದು ಅವರಿಗೆ ಗೊತ್ತು. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದ ಕಂಬಳಕ್ಕೆ ಘಾಟಿ ಹತ್ತಿದ ಕೋಣಗಳಿಗೆ ದಾರಿಯಲ್ಲಿ ಹಾಸನದಲ್ಲಿ ವಿಶ್ರಾಂತಿ ಕೊಟ್ಟೇ ಮುಂದೆ ಕರೆದೊಯ್ದರು. ಎಲ್ಲಿ ನಿಲ್ಲುವುದು, ಏನು ಕುಡಿಯುವುದು ಎಂಬ ಎರಡು ಪ್ರಶ್ನೆ ತೀರಿದ ಮೇಲೆಯೇ ಅವರು ಲಾರಿ ಹತ್ತುವುದು.

ಆ ಪ್ರಶ್ನೆಗಳಿಗೆ ಈ ಕರಾವಳಿ ಒಂದು ಕಾಲದಲ್ಲಿ ಕೊಟ್ಟಿದ್ದ ಉತ್ತರ ಇಬ್ನ್ ಬತೂತನ ಪ್ರವಾಸ ಕಥನದಲ್ಲಿದೆ. 1340ರ ದಶಕದಲ್ಲಿ ಈ ಮೊರಾಕ್ಕೊದವನು ಗೋವೆಯ ಕಡೆಯಿಂದ ಇಳಿದು ಬಾರಕೂರು, ಮಂಗಳೂರು ನೋಡಿಕೊಂಡು ಕೊಲ್ಲಂ ಕಡೆಗೆ ಹೋದ. ಗೋವೆಯಿಂದ ಕೊಲ್ಲಂವರೆಗಿನ ದಾರಿಯೆಲ್ಲ ಮರಗಳ ನೆರಳಂತೆ. ಅರ್ಧ ಮೈಲಿಗೊಂದು ಮರದ ಮನೆ, ಅದರಲ್ಲಿ ಯಾವ ಮತದ ದಾರಿಹೋಕನೂ ಕೂರಬಹುದಾದ ಜಗಲಿ, ಪಕ್ಕದಲ್ಲಿ ಬಾವಿ, ನೀರು ಸೇದಿ ಕೊಡಲು ಒಬ್ಬ ಆಳು. ಕೆಲವರಿಗೆ ಪಾತ್ರೆಯಲ್ಲಿ, ತನ್ನಂಥ ಮುಸಲ್ಮಾನರಿಗೆ ಬೊಗಸೆಗೆ ನೀರು ಹೊಯ್ಯುತ್ತಿದ್ದರು ಎಂಬುದನ್ನೂ ಅವನು ಮುಚ್ಚಿಡುವುದಿಲ್ಲ. ದಾರಿಯಲ್ಲಿ ಬಿದ್ದ ಕಾಯಿಯನ್ನು ಒಡೆಯನ ಹೊರತು ಯಾರೂ ಮುಟ್ಟುವಂತಿರಲಿಲ್ಲ, ಒಂದು ಕಾಯಿ ಕದ್ದವನಿಗೂ ಮರಣದಂಡನೆಯಿತ್ತು ಎಂದು ಬರೆಯುತ್ತಾನೆ. ತೋಟದಲ್ಲಿ ಬೀಡುಬಿಟ್ಟು ಬಿದ್ದ ತೆಂಗಿನಕಾಯಿಯನ್ನು ಚಟ್ನಿಗೆ ತುರಿಯುವ ಗೆಳೆಯರು ಈ ಭಾಗವನ್ನು ಎರಡು ಸಲ ಓದಬೇಕು.

ಪಾತ್ರೆ-ಬೊಗಸೆಯ ಭೇದ ಅಳಿಯಲಿ, ಬಾವಿಯೂ ಅದನ್ನು ನೋಡಿಕೊಳ್ಳುವ ಆಳೂ ಮರಳಿ ಬರಲಿ. ಕೇರಳ ಸರಕಾರ 2021ರಲ್ಲೇ ‘ಕೆರವಾನ್ ಕೇರಳ’ ಎಂದು ನೀತಿ ಮಾಡಿ ಕ್ಯಾರವಾನ್ ಪಾರ್ಕುಗಳಿಗೆ ದಾರಿ ತೆರೆಯಿತು. ನಮ್ಮ ಕರಾವಳಿಗೆ ಅಷ್ಟು ದೊಡ್ಡ ಪಾರ್ಕೂ ಬೇಡ. ಕಡಲಂಚಿನ ಒಂದೊಂದು ಗ್ರಾಮ ಪಂಚಾಯತ್, ಉಬ್ಬರ ಮುಟ್ಟದ ಗಟ್ಟಿ ನೆಲದಲ್ಲಿ ನಾಲ್ಕು ಗಾಡಿ ನಿಲ್ಲುವಷ್ಟು ಜಾಗ, ಸಿಹಿನೀರಿನ ನಳ್ಳಿ, ಎರಡು ಶೌಚಾಲಯ, ಕೊಳೆನೀರಿಗೊಂದು ಗುಂಡಿ, 15 ಆಂಪಿಯರಿನ ಒಂದು ಪ್ಲಗ್ ಪಾಯಿಂಟ್ ಕೊಟ್ಟು ರಾತ್ರಿಗಿಷ್ಟೆಂದು ಶುಲ್ಕ ಪಡೆಯಲಿ. ಕಾವಲಿಗೆ ಊರಿನವರಿಗೇ ಕೆಲಸ ಸಿಗುತ್ತದೆ, ಪ್ರವಾಸಿಗರು ಹೆದ್ದಾರಿ ಬದಿಯಲ್ಲಿ ಮಲಗುವುದೂ ತಪ್ಪುತ್ತದೆ.

ಅಲ್ಲಿಯ ತನಕ, ಜಾಗ ಕೊಡುವವರಿಗೆ ಫೋನ್ ಮಾಡಿದಾಗ ಕಡಲು ಎಷ್ಟು ಹತ್ತಿರ ಎಂದು ಕೇಳಬೇಡಿ. ಬಾವಿ ಎಲ್ಲಿದೆ, ಶೌಚದ ಡಬ್ಬಿ ಎಲ್ಲಿ ಖಾಲಿ ಮಾಡಬೇಕು ಎಂದು ಕೇಳಿ. ಮಾರ್ಚ್ ದಾಟಿದರೆ ಕಡಲಂಚಿನ ಎಷ್ಟೋ ಬಾವಿಗಳ ನೀರು ಉಪ್ಪಾಗುತ್ತದೆ. ಟ್ಯಾಂಕಿಗೆ ಹಾಕುವ ಮೊದಲು ಒಂದು ಗುಟುಕು ಬಾಯಿಗೆ ಹಾಕಿ ನೋಡಿ.