ಪೇರೂರಿನ ಕನಕಸಭೆ

ಕೊಯಮತ್ತೂರಿಗೆ ಬಂದ ನಂಟರಿಗೆ ನಾವು ತೋರಿಸುವ ಕಟ್ಟಡಗಳು ಹೆಚ್ಚಿಲ್ಲ: ೧೮೯೨ರ ವಿಕ್ಟೋರಿಯಾ ಪುರಭವನ, ೧೯೦೨ರಲ್ಲಿ ತೆರೆದ ಗಾಸ್ ಅರಣ್ಯ ವಸ್ತುಸಂಗ್ರಹಾಲಯ, ಬಳಿಕ ಪೇರೂರಿನ ಪಟ್ಟೀಶ್ವರ ದೇವಾಲಯ. ಪೇರೂರಿನಲ್ಲಿಯಾದರೂ ಸಾಯದ ತಾಳೆಮರದ, ಬೀಜ ಮೊಳೆಯದ ಹುಣಿಸೆಯ ಕಥೆಗಳನ್ನು ಹೇಳಿ ಮುಗಿಸುತ್ತೇವೆ. ಹದಿನೇಳನೆಯ ಶತಮಾನದಲ್ಲಿ ಮದುರೆಯ ಅಳಗಾದ್ರಿ ನಾಯಕನು ಕಟ್ಟಿಸಿದ ಕನಕಸಭೆಯ ಕಂಬಗಳ ನಡುವೆ ಮಾತ್ರ ಬೇಗಬೇಗನೆ ನಡೆದುಬಿಡುತ್ತೇವೆ. ಯಾರಾದರೂ ನಿಂತು ನೋಡಿದರೆ, “ಬೇಲೂರು ಹಳೇಬೀಡುಗಳ ಮುಂದೆ ಇದೇನು ಮಹಾ!” ಎಂಬ ಮಾತು ನಮ್ಮವರ ಬಾಯಲ್ಲಿ ಸಿದ್ಧವಾಗಿರುತ್ತದೆ. ಈ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ನೋಡಬೇಕು.

ಹೊಯ್ಸಳ ಶಿಲ್ಪಿಗೆ ದೊರೆತದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಅದು ಮೃದು; ಗಾಳಿಗೆ ಬಿದ್ದು ಕ್ರಮೇಣ ಗಟ್ಟಿಯಾಗುತ್ತದೆ. ಉಂಗುರದ ಸಂದನ್ನೂ ಬಿಡಿಸಿ ತೋರಿಸುವ ಕುಸುರಿಗೆ ಅದು ಒಗ್ಗಿತು. ಪೇರೂರಿನದು ಗ್ರಾನೈಟು. ಉಳಿ ಅದನ್ನು ಕೊರೆಯುವುದಿಲ್ಲ, ಕಣಕಣವಾಗಿ ಪುಡಿಮಾಡುತ್ತದೆ. ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಅಳತೆಗೋಲನ್ನು ಐದು ಶತಮಾನಗಳ ತರುವಾಯದ ಕಗ್ಗಲ್ಲಿಗೆ ಹಿಡಿಯುವುದು ಔಚಿತ್ಯವಲ್ಲ.

ಹಳೇಬೀಡಿನ ಹೊರಗೋಡೆಯಲ್ಲಿ ಗಜಾಸುರ ಸಂಹಾರವಿದೆ. ಪೇರೂರಿನ ಕಂಬದಲ್ಲಿಯೂ ಇದೆ. ಅಲ್ಲಿಯ ಶಿಲ್ಪಿ ವರ್ಣಕ ಕವಿ. ಆಭರಣ, ಪರಿವಾರ, ಬಳ್ಳಿಯ ಹಂದರ, ಒಂದನ್ನೂ ಬಿಡಲೊಲ್ಲ. ಇಲ್ಲಿಯವನು ಮಿತಭಾಷಿ. ಶಿವನ ಹಿಂದೆ ಹರಡಿದ ಆನೆಯ ತೊಗಲು, ಕೆಳಗೆ ತುಳಿದ ಕಾಲು: ಇಷ್ಟರಲ್ಲಿಯೇ ರೌದ್ರವು ಸಿದ್ಧಿಸಿದೆ. ಕಂಬಕ್ಕೆ ಅಂಟಿಯೇ ಇರುವ ಆ ದೊಡ್ಡ ಮೂರ್ತಿ ಕಂಬದಿಂದ ಈಗತಾನೆ ಹೊರಕ್ಕೆ ಬಂದಂತೆ ಕಾಣುತ್ತದೆ. ಹಳೇಬೀಡಿನ ಗೋಡೆಯನ್ನು ಓಲೆಯ ಗರಿಯಂತೆ ಓದುತ್ತ ಸಾಗಬಹುದು. ಇಲ್ಲಿ ಓದುವುದಕ್ಕೆ ಅವಕಾಶವಿಲ್ಲ, ಎದುರುಗೊಳ್ಳಬೇಕು. ಊರ್ಧ್ವತಾಂಡವದ ಶಿವನನ್ನು ಒಂದು ಕಂಬದಲ್ಲಿಯೂ ಅವನೊಡನೆ ಪಂತ ಕಟ್ಟಿದ ಕಾಳಿಯನ್ನು ಮತ್ತೊಂದರಲ್ಲಿಯೂ ಇರಿಸಿರುವುದರಿಂದ, ಕತ್ತು ತಿರುಗಿಸಿ ನೋಡುವ ನಾವೇ ಆ ನೃತ್ಯಸ್ಪರ್ಧೆಯ ಸಭಿಕರಾಗುತ್ತೇವೆ.

ಎಲ್ಲವೂ ಸಮಾನ ಗುಣದವೆಂದು ನಾನು ಹೇಳಲಾರೆ. ಅಗ್ನಿ, ಅಘೋರ ವೀರಭದ್ರರಿಬ್ಬರಲ್ಲಿಯೂ ಆಯುಧ, ಕೋರೆಹಲ್ಲು, ಹುಬ್ಬುಗಂಟುಗಳ ಸಂಭ್ರಮವೇ ಮಿಗಿಲು. ಅನುಭಾವವು ಇಷ್ಟು ಗದ್ದಲ ಮಾಡಿದಾಗ ರಸವು ಹಿಂಜರಿಯುತ್ತದೆ. ನಾಯಕರ ಕಾಲದ ಶಿಲ್ಪದ ಸಾಮಾನ್ಯ ದೋಷವಿದು. ಮದುರೆಯ ಪುದುಮಂಟಪವೂ ಇದರಿಂದ ಪೂರ್ತಿಯಾಗಿ ಪಾರಾಗಿಲ್ಲ.

ಈ ಸೀಮೆಯ ದೇವಾಂಗರ, ಒಕ್ಕಲಿಗರ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡವು ಉಳಿದುಬಂದಿದೆ. ಆ ಮನೆಗಳ ಮಕ್ಕಳಲ್ಲಿ ಅನೇಕರಿಗೆ ಬೇಲೂರೆಂದರೆ ಚಿತ್ರದಲ್ಲಿ ಕಂಡ ಊರು. ಪೇರೂರೋ ಟೌನ್ ಬಸ್ಸು ಹೋಗುವಷ್ಟು ಹತ್ತಿರ. ಕಾಣದ ಬೇಲೂರನ್ನು ಹೊಗಳಲು ಕಲಿಸಿ, ಕಣ್ಣೆದುರಿನ ಪೇರೂರನ್ನು ಹಳಿಯಲು ಕಲಿಸಿದರೆ ಅವರಿಗೆ ಕನ್ನಡದ ಅಭಿಮಾನವೂ ಬಾರದು, ಕಲ್ಲಿನ ಪರಿಚಯವೂ ಆಗದು. ಅವರನ್ನು ಕರೆದೊಯ್ದು ಒಂದೊಂದು ಕಂಬದೆದುರು ನಿಲ್ಲಿಸಿ, ಇದು ಏಕೆ ಚೆನ್ನ, ಅದು ಏಕೆ ಸಪ್ಪೆ ಎಂದು ಕೇಳುವುದು ಮೇಲು. ಮಕ್ಕಳು ನಮಗಿಂತ ದಿಟ್ಟವಾಗಿ ಉತ್ತರ ಹೇಳುತ್ತಾರೆ.

ಮಾಡಿನಿಂದ ಇಳಿಬಿದ್ದ ಕಲ್ಲಿನ ಸರಪಳಿಯನ್ನು ಅವರು ಮೊದಲು ನೋಡುವರೆಂಬುದು ಖಂಡಿತ. ದೊಡ್ಡವರೂ ಅದನ್ನೇ ನೋಡುತ್ತಾರೆ. ಅದು ಚಿತ್ರಕಾವ್ಯದ ಜಾತಿಗೆ ಸೇರಿದ್ದು. ಆನಂದವರ್ಧನನು ಚಿತ್ರವನ್ನು ನಿಜವಾದ ಕಾವ್ಯವೆಂದು ಒಪ್ಪಲಿಲ್ಲ. ಆದರೂ ಒಂದೇ ಕಲ್ಲಿನಿಂದ ಕೊಂಡಿಗೆ ಕೊಂಡಿ ಬಿಡಿಸುವಾಗ, ಇನ್ನೇನು ಮುಗಿಯಿತು ಎನ್ನುವ ಹೊತ್ತಿಗೆ ಒಂದು ಏಟು ತಪ್ಪಿದ್ದರೆ ಏನಾಗುತ್ತಿತ್ತೆಂದು ಎಣಿಸಿದಾಗ, ನಾನೂ ತಲೆಯೆತ್ತಿ ನೋಡುತ್ತ ನಿಂತುಬಿಡುತ್ತೇನೆ.