ಸಿಪಾಯಿಗೆ ಬಣ್ಣ ಹಚ್ಚಿದವರು

ಮೂವತ್ತಾರು ವರ್ಷದ ಮಗಳ ಮನೆಯಲ್ಲಿ ಊಟದ ಮೇಜಿನ ತುಂಬ ಬೊಂಬೆಗಳಿದ್ದರೆ ತಾಯಿಯಾದವಳಿಗೆ ಏನನ್ನಿಸಬೇಕು? ಅದೂ ಆ ಮನೆಯಲ್ಲಿ ಮಕ್ಕಳಿಲ್ಲ, ಮದುವೆ ಮುರಿದು ಎರಡು ವರ್ಷವಾಗಿದೆ ಎಂದರೆ? 2023ರ ನವೆಂಬರಿನಲ್ಲಿ ನಾನು ತಿಪಟೂರಿನಿಂದ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿಗೆ ಹೋದದ್ದೇ ಅವಳನ್ನು ಊರಿಗೆ ಕರೆತರಲು. ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಕೊಬ್ಬರಿ ಎಣ್ಣೆ. ಮನಸ್ಸಿನಲ್ಲಿ ಅವಳಿಗೆ ಹೇಳಬೇಕಾದ ಬುದ್ಧಿಮಾತುಗಳು. ಎರಡನ್ನೂ ಜೋಪಾನವಾಗಿ ಕಟ್ಟಿಕೊಂಡು ಹೋಗಿದ್ದೆ.

ಬೊಂಬೆ ಎಂದೆನಲ್ಲ, ಅವು ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು ಎತ್ತರದ ಪ್ಲಾಸ್ಟಿಕ್ ಸಿಪಾಯಿಗಳು. ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 28 ಮಿಲಿಮೀಟರ್. ವಾರ್‌ಹ್ಯಾಮರ್ ಎಂಬ ಆಟದ ಕಾಯಿಗಳಂತೆ. 1983ರಲ್ಲಿ ಹುಟ್ಟಿದ ಈ ಆಟವನ್ನು ತಯಾರಿಸುವ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆ ಇರುವುದೂ ಅದೇ ನಾಟಿಂಗ್‌ಹ್ಯಾಮಿನಲ್ಲಿ. ಮೇಜಿನ ಮೇಲೆ ಎರಡು ಸೈನ್ಯ ನಿಲ್ಲಿಸಿ, ಟೇಪು ಹಿಡಿದು ಅಂಗುಲದ ಲೆಕ್ಕದಲ್ಲಿ ನಡೆಸಿ, ದಾಳ ಉರುಳಿಸಿ ಯುದ್ಧ ಮಾಡುತ್ತಾರೆ. ಆದರೆ ಸಿಪಾಯಿಗಳು ತಯಾರಾಗಿ ಬರುವುದಿಲ್ಲ. ಕೈ, ಕಾಲು, ತಲೆ, ಕತ್ತಿ ಎಲ್ಲ ಬಿಡಿಬಿಡಿಯಾಗಿ ಒಂದು ಬೂದು ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಕತ್ತರಿಸಿ, ಕೆರೆದು, ಅಂಟಿಸಿ, ಬಣ್ಣ ಹಚ್ಚುವುದು ಕೊಂಡವರ ಪಾಡು.

ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಹಗಲೆಲ್ಲ ನಿಂತು ಬಂದವಳು ರಾತ್ರಿ ಒಂಬತ್ತಕ್ಕೆ ದೀಪ ಹಚ್ಚಿಕೊಂಡು, ಭೂತಗನ್ನಡಿ ತಲೆಗೆ ಸಿಕ್ಕಿಸಿಕೊಂಡು ಕೂರುತ್ತಿದ್ದಳು. ಮೂರನೆಯ ದಿನ ತಡೆಯಲಾರದೆ ಅಂದುಬಿಟ್ಟೆ: "ಈ ವಯಸ್ಸಲ್ಲಿ ಬೊಂಬೆ ಆಟವೇನೇ? ನಾಲ್ಕು ಜನಕ್ಕೆ ಉಪಯೋಗ ಆಗೋದು ಏನಾದ್ರೂ ಮಾಡಬಾರದಾ?" ಅವಳು ಉತ್ತರ ಕೊಡಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಒಂದು ತೆಳ್ಳನೆಯ ಪುಸ್ತಕವನ್ನು ನನ್ನ ಕಾಫಿ ಲೋಟದ ಪಕ್ಕ ಇಟ್ಟು ಹೋದಳು. ಅದು 1913ರಲ್ಲಿ ಎಚ್.ಜಿ. ವೆಲ್ಸ್ ಬರೆದ 'ಲಿಟಲ್ ವಾರ್ಸ್'.

'ಟೈಮ್ ಮೆಷೀನ್' ಬರೆದ ವೆಲ್ಸ್ ಇವರೇ ಎಂದು ನನಗೆ ಸೋಜಿಗ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳಿಗೆ ಅವರು ನೆಲದ ಮೇಲೆ ಮಂಡಿಯೂರಿ ಸಿಪಾಯಿ ಆಟ ಆಡಿದ್ದರೆಂಬುದು ತಿಳಿದೇ ಇರಲಿಲ್ಲ. ಪುಸ್ತಕ ಓದಿಸಿಕೊಂಡು ಹೋಗುತ್ತದೆ, ಸುಳ್ಳು ಹೇಳಬಾರದು. ಸ್ಪ್ರಿಂಗ್ ಹಾಕಿದ ಆಟದ ಫಿರಂಗಿಯಿಂದ ಮರದ ತುಂಡು ಹಾರಿಸಿ ಎದುರಾಳಿಯ ಸಿಪಾಯಿಗಳನ್ನು ಕೆಡಹುವುದರಿಂದ ಹಿಡಿದು, ಕಾದಾಟದ ನಿಯಮಗಳು ಒಂದೊಂದಾಗಿ ಹೇಗೆ ರೂಪುಗೊಂಡವು ಎಂಬುದನ್ನು ತಮಾಷೆಯಾಗಿ ಹೇಳುತ್ತಾರೆ. ಇಂದಿನ ಇಂಥ ಆಟಗಳೆಲ್ಲ ಒಂದಲ್ಲ ಒಂದು ರೀತಿ ಈ ಪುಸ್ತಕಕ್ಕೆ ಋಣಿ.

ಆದರೆ ನನಗೆ ಚುಚ್ಚಿದ್ದು ಎರಡು ಜಾಗ. ಒಂದು, ಪುಸ್ತಕದ ಉಪಶೀರ್ಷಿಕೆ. ಹನ್ನೆರಡರಿಂದ ನೂರೈವತ್ತು ವರ್ಷದವರೆಗಿನ ಎಲ್ಲ ಹುಡುಗರಿಗೂ ಈ ಆಟ ಸಲ್ಲುತ್ತದಂತೆ. ಹುಡುಗಿಯರಲ್ಲಾದರೆ, ಹುಡುಗರ ಆಟ ಮತ್ತು ಪುಸ್ತಕ ಮೆಚ್ಚುವ ಹೆಚ್ಚು ಬುದ್ಧಿವಂತರಿಗೆ ಮಾತ್ರ. ಇನ್ನೊಂದು, ಆಟದ ನಡುವೆ ಸೀರೆಯಲ್ಲ, ಗೌನು ಸರಭರ ಮಾಡುತ್ತ ಬಂದ ಹೆಂಗಸರ ಪ್ರಸಂಗ. ಅವರು ನೆಲದ ಮೇಲಿದ್ದುದನ್ನು ತಾತ್ಸಾರದಿಂದ ನೋಡಿದರೆಂದೂ, ಕಲ್ಪನೆಗೆ ಸೇರಿದ್ದೆಲ್ಲವನ್ನೂ ಹಾಗೆ ನೋಡುವುದು ಹೆಣ್ಣುಜಾತಿಯ ಗುಣವೆಂದೂ ವೆಲ್ಸ್ ಮಹಾಶಯರ ತೀರ್ಪು.

ಓದಿ ಉರಿದುಹೋಯಿತು. ಉರಿಯ ಹಿಂದೆಯೇ ನಾಚಿಕೆಯೂ ಬಂತು. ಯಾಕೆಂದರೆ ಹಿಂದಿನ ರಾತ್ರಿ ಅದೇ ತಾತ್ಸಾರದಿಂದ ಮಗಳ ಮೇಜನ್ನು ನೋಡಿದವಳು ನಾನೇ. ಹಾಗಾದರೆ ಆ ಮಾತು ನಿಜವೇ?

ಅಲ್ಲ ಎನ್ನುವುದಕ್ಕೆ ವೆಲ್ಸರ ದೇಶದಲ್ಲೇ ಸಾಕ್ಷಿಯಿದೆ. 1826ರ ಜೂನ್‌ನಲ್ಲಿ ಯಾರ್ಕ್‌ಶೈರಿನ ಹಾವರ್ತ್ ಎಂಬ ಹಳ್ಳಿಯ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ ತಮ್ಮ ಮಗ ಬ್ರಾನ್ವೆಲ್‌ಗೆ ಲೀಡ್ಸ್ ಪೇಟೆಯಿಂದ ಹನ್ನೆರಡು ಮರದ ಸಿಪಾಯಿಗಳನ್ನು ತಂದರು. ಮಗನಿಗೆ ಬಂದ ಬೊಂಬೆಗಳಲ್ಲಿ ಹತ್ತು ವರ್ಷದ ಶಾರ್ಲೆಟ್ ಒಂದನ್ನು ಕಸಿದುಕೊಂಡು, ಇದು ನನ್ನ ಡ್ಯೂಕ್ ಆಫ್ ವೆಲಿಂಗ್ಟನ್ ಎಂದಳು. ಏಳು ವರ್ಷದ ಎಮಿಲಿ, ಆರು ವರ್ಷದ ಆ್ಯನ್ ಕೂಡ ಒಂದೊಂದು ಆರಿಸಿಕೊಂಡರು. ಆ ಸಿಪಾಯಿಗಳಿಗಾಗಿ ಮಕ್ಕಳು ಗಾಜಿನ ನಗರವೊಂದನ್ನು ಕಲ್ಪಿಸಿದರು. ಸಿಪಾಯಿಗಳೇ ಓದಬೇಕೆಂದು ಬೆಂಕಿಪೆಟ್ಟಿಗೆಯಷ್ಟು ಪುಟ್ಟ ಪತ್ರಿಕೆಗಳನ್ನು ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದರು. ಇದೇ ಶಾರ್ಲೆಟ್ 1847ರಲ್ಲಿ 'ಜೇನ್ ಏರ್' ಕೊಟ್ಟಳು, ಎಮಿಲಿ 'ವದರಿಂಗ್ ಹೈಟ್ಸ್' ಕೊಟ್ಟಳು. ಕಲ್ಪನೆ ಹೆಣ್ಣಿಗೆ ಒಗ್ಗದು ಎನ್ನುವ ಮೊದಲು ವೆಲ್ಸ್ ಈ ಮನೆಯ ಕಡೆ ತಿರುಗಿ ನೋಡಬಹುದಿತ್ತು.

ಇನ್ನೊಂದು ಸಂಗತಿಯನ್ನು ಮಗಳು ಹೇಳಿದಳು. ವೆಲ್ಸರ ಕಾಲದ ಸಿಪಾಯಿಗಳು ಸೀಸದವು. 1893ರಲ್ಲಿ ಲಂಡನ್ನಿನ ಬ್ರಿಟನ್ ಎಂಬ ಮನೆತನದವರು, ಕಾದ ಸೀಸವನ್ನು ಅಚ್ಚಿಗೆ ಹೊಯ್ದು, ಹೊರಗೋಡೆ ಗಟ್ಟಿಯಾದೊಡನೆ ಮಿಕ್ಕದ್ದನ್ನು ಸುರಿದು, ಟೊಳ್ಳು ಬೊಂಬೆ ಮಾಡುವ ವಿಧಾನ ತಂದರು. ಬೊಂಬೆ ಹಗುರವಾಯಿತು, ಅಗ್ಗವಾಯಿತು. ಅವುಗಳ ಕೆಂಪು ಕೋಟು, ಕಪ್ಪು ಬೂಟು, ಗುಲಾಬಿ ಕೆನ್ನೆಗೆ ಬಣ್ಣ ತುಂಬುತ್ತಿದ್ದವರು ಕೂಲಿಗೆ ಕೂತ ಹೆಂಗಸರು. ವೆಲ್ಸ್ ಫಿರಂಗಿಯನ್ನು ಹಾಡಿ ಹೊಗಳುತ್ತಾರೆ. ಬಣ್ಣ ಹಚ್ಚಿದ ಕೈಗಳಿಗೆ ಅವರ ಪುಸ್ತಕದಲ್ಲಿ ಜಾಗವಿಲ್ಲ. ನನ್ನ ದೃಷ್ಟಿಯಲ್ಲಿ ಪುಸ್ತಕದ ದೊಡ್ಡ ಕೊರತೆ ಇದು. ಅದೇ ಕೆಲಸವನ್ನು ಹೆಣ್ಣು ಕೂಲಿಗೆ ಮಾಡಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ತನ್ನ ಖುಷಿಗೆ ಮಾಡಿದರೆ ಉಪಯೋಗವೇನು ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆ ಕೇಳಿದವಳು ತಾಯಿ ಎಂಬುದನ್ನು ಮಾತ್ರ ವೆಲ್ಸರ ತಲೆಗೆ ಕಟ್ಟುವಂತಿಲ್ಲ.

ಪುಸ್ತಕದ ಕೊನೆಯ ಭಾಗ ದೊಡ್ಡದು. ಆಟದ ಯುದ್ಧವನ್ನು ಕೆಲವು ಸಲ ಆಡಿದವನಿಗೆ ನಿಜವಾದ ಯುದ್ಧ ಎಂಥ ಎಡವಟ್ಟಿನದೆಂದು ತಿಳಿಯುತ್ತದೆ, ಕಾದಾಡಲೇಬೇಕೆನ್ನುವವರು ಬೊಂಬೆಗಳೊಂದಿಗೆ ಕಾದಾಡಲಿ ಎಂಬುದು ಅವರ ವಾದ. ಮರುವರ್ಷವೇ, 1914ರಲ್ಲಿ, ಮಹಾಯುದ್ಧ ಬಂತು. ಆಗ ಇದೇ ವೆಲ್ಸ್ ಅದನ್ನು ಯುದ್ಧವನ್ನೇ ಕೊನೆಗಾಣಿಸುವ ಯುದ್ಧವೆಂದು ಸಮರ್ಥಿಸಿ ಬರೆದರು. ಬರೆದವರೇ ಬಿಟ್ಟುಕೊಟ್ಟ ಮಾತನ್ನು ಓದಿದವರಾದರೂ ಉಳಿಸಿಕೊಳ್ಳಬಹುದು ಎಂದುಕೊಂಡೆ.

ಎರಡನೆಯ ವಾರ ನಾನೂ ಮೇಜಿಗೆ ಕೂತೆ. ರಂಗೋಲಿ, ಕಸೂತಿ ಬಲ್ಲ ಕೈ, ಇದೇನು ಮಹಾ ಎಂಬ ಜಂಬ ಇತ್ತು. ಜಂಬ ಇಳಿಯಲು ಅರ್ಧ ಗಂಟೆ ಸಾಕಾಯಿತು. ಬಣ್ಣವನ್ನು ನೀರು ಬೆರೆಸಿ ತೆಳುಮಾಡಬೇಕು. ದಪ್ಪ ಹಚ್ಚಿದರೆ ಮೂಗು ಬಾಯಿ ಮುಚ್ಚಿಹೋಗುತ್ತವೆ. ನೀರು ಜಾಸ್ತಿಯಾದರೆ ಕೆರೆ ಕಟ್ಟುತ್ತದೆ. ಒಂದು ಪದರ ಒಣಗುವವರೆಗೆ ಕಾಯದೆ ಇನ್ನೊಂದು ಹಚ್ಚಿದರೆ ಕೆಳಗಿನದೂ ಕಿತ್ತುಬರುತ್ತದೆ. ಕಣ್ಣಂತೂ ಸಾಸಿವೆಗಿಂತ ಸಣ್ಣದು. ನಾನು ಬರೆದ ಮೊದಲ ಸಿಪಾಯಿ ಒಂದು ಕಣ್ಣಲ್ಲಿ ಆಕಾಶವನ್ನೂ ಇನ್ನೊಂದರಲ್ಲಿ ತನ್ನ ಮೂಗನ್ನೂ ನೋಡುತ್ತಿದ್ದ.

ಆದರೆ ಅಣ್ಣಾ, ಆ ನೆರಳಿನ ಬಣ್ಣ! ಕಷಾಯದಂಥ ತೆಳು ಕಂದು ನೀರನ್ನು ಸವರಿದರೆ ಅದು ತಾನಾಗಿ ಹರಿದು ಮಡಿಕೆಗಳಲ್ಲಿ ನಿಲ್ಲುತ್ತದೆ. ಅಲ್ಲಿಯವರೆಗೆ ಚಪ್ಪಟೆಯಾಗಿದ್ದ ಅಂಗಿಗೆ ನೆರಿಗೆ ಬರುತ್ತದೆ, ಮುಖಕ್ಕೆ ವಯಸ್ಸು ಬರುತ್ತದೆ. ಅದನ್ನು ನೋಡುತ್ತ ಗಂಟೆ ಹನ್ನೊಂದಾದದ್ದು ತಿಳಿಯಲಿಲ್ಲ. ಹೊಲಿಗೆಯಾಗಲಿ ಹಪ್ಪಳವಾಗಲಿ, ಯಾರಿಗೂ ಬೇಡದ ಕೆಲಸವನ್ನು ಇಷ್ಟು ಹೊತ್ತು ನಾನು ಜನ್ಮದಲ್ಲಿ ಮಾಡಿರಲಿಲ್ಲ.

ಮಗಳು ಹನ್ನೊಂದು ರಾತ್ರಿ ಕೂತು ಮುಗಿಸಿದ ಸರದಾರನಿಗೆ ಕೊನೆಯ ವಾರ್ನಿಷ್ ಸಿಂಪಡಿಸಿದಳು. ಹೊರಗೆ ಥಂಡಿ, ತೇವ. ಒಳಗೆ ತಂದು ನೋಡಿದರೆ ಮೈಮೇಲೆಲ್ಲ ಬೂದಿ ಬಳಿದಂತೆ ಬಿಳಿಚಿಕೊಂಡಿದ್ದಾನೆ. ಅವಳು ಏನೂ ಅನ್ನದೆ ಕುರ್ಚಿಯಲ್ಲಿ ಕೂತುಬಿಟ್ಟಳು. ಮದುವೆ ಮುರಿದದ್ದನ್ನು ಫೋನಿನಲ್ಲಿ ಹೇಳುವಾಗಲೂ ಅತ್ತಿರಲಿಲ್ಲ. ಈಗ ಕಣ್ಣು ತುಂಬಿತು. ನನಗೆ ತೋಚಿದ್ದು ಒಂದೇ: "ಕೊಬ್ಬರಿ ಎಣ್ಣೆ ಸವರಿ ನೋಡೋಣವೇನೇ?" ಸೀಸೆ ತಂದರೆ ಆ ಚಳಿಗೆ ಎಣ್ಣೆ ಕಲ್ಲಾಗಿತ್ತು. ತಿಪಟೂರಿನ ಎಣ್ಣೆ ನಾಟಿಂಗ್‌ಹ್ಯಾಮಿನಲ್ಲಿ ಹೆಪ್ಪುಗಟ್ಟಿದ್ದು ನೋಡಿ ಅವಳು ನಕ್ಕಳು. ನಾನು ಬಂದ ಮೇಲೆ ಮೊದಲ ಸಲ. ಎಣ್ಣೆಯ ಉಪಾಯ ಅವರಲ್ಲೂ ಉಂಟಂತೆ. ಅಡುಗೆಮನೆಯ ಆಲಿವ್ ಎಣ್ಣೆಯನ್ನು ಕುಂಚದಲ್ಲಿ ಸವರಿದಳು. ಬಣ್ಣ ಮುಕ್ಕಾಲು ಪಾಲು ಮರಳಿತು. ಆ ರಾತ್ರಿ ಎರಡು ಗಂಟೆಯವರೆಗೆ ಮಾತಾಡಿದೆವು. ನಾನು ಕಟ್ಟಿಕೊಂಡು ಹೋದ ಬುದ್ಧಿಮಾತುಗಳನ್ನಲ್ಲ. ಅವಳು ಹೇಳಿದ್ದನ್ನು ಕೇಳಿದೆ.

ಅವಳ ಬೀರುವಿನಲ್ಲಿ ಬಣ್ಣ ಕಾಣದ ಇನ್ನೂರು ಬೂದು ಸಿಪಾಯಿಗಳಿದ್ದಾರೆ. "ನೋಡಿದರೆ ನಾಚಿಕೆಯಾಗುತ್ತಮ್ಮ" ಎಂದಳು. ನನಗೆ ನಗು ಬಂತು. ನನ್ನ ಟ್ರಂಕಿನಲ್ಲಿ ಹೊಲಿಸದ ರವಿಕೆ ಕಣಗಳು, ಅರ್ಧಕ್ಕೆ ನಿಂತ ಕ್ರೋಶಾ ಹೊದಿಕೆ ಇಲ್ಲವೇ? ನಿಮ್ಮ ಟ್ರಂಕಿನಲ್ಲೂ ಇರಬೇಕು. ಮುಗಿಸಲಾಗದ್ದರ ರಾಶಿ ಸೋಮಾರಿತನದ ಗುರುತು ಎಂದು ನಮಗೆ ಕಲಿಸಿದ್ದಾರೆ. ಅದು ಆಸೆ ಇನ್ನೂ ಬತ್ತಿಲ್ಲವೆಂಬುದರ ಗುರುತೂ ಹೌದು.

ವೆಲ್ಸ್ ಕಂಡ ತಾತ್ಸಾರ ನಿಜವಾದದ್ದೇ ಇರಬಹುದು. ಕಾರಣ ಮಾತ್ರ ತಪ್ಪು. ಅದು ಹುಟ್ಟುಗುಣವಲ್ಲ. ಬಿಡುವೇ ಇಲ್ಲದವರಿಗೆ ಬಿಡುವಿನ ಆಟ ತಾತ್ಸಾರವಾಗಿಯೇ ಕಾಣುತ್ತದೆ, ಆ ನೋಟವನ್ನು ನಾವು ಮಗಳಿಗೂ ದಾಟಿಸುತ್ತೇವೆ.

ಮಗಳು ನನ್ನ ಜೊತೆ ಊರಿಗೆ ಬರಲಿಲ್ಲ. ಬಾ ಎಂದು ನಾನೂ ಕೇಳಲಿಲ್ಲ. ಬರುವಾಗ ಒಬ್ಬ ಬೂದು ಸಿಪಾಯಿಯನ್ನೂ ಒಂದು ಸಣ್ಣ ಕುಂಚವನ್ನೂ ಕೈಗಿಟ್ಟಳು. ಭಾನುವಾರ ಫೋನ್ ಮಾಡಿದಾಗಲೆಲ್ಲ "ಕಣ್ಣು ಬರೆದೆಯಾ?" ಎಂದು ಕೇಳುತ್ತಾಳೆ. ಇನ್ನೂ ಬರೆದಿಲ್ಲ. ಇವತ್ತು ಅಡುಗೆ ಬೇಗ ಮುಗಿದಿದೆ, ಕೂರಬೇಕು.