ಅನ್ನವನ್ನೀಯುವವರು ಯಾರು?

ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ ಪೋಲೆಂಡಿನಲ್ಲಿ ಜನಿಸಿ, ಬಾಲ್ಯದಲ್ಲಿಯೇ ನ್ಯೂಯಾರ್ಕನ್ನು ಸೇರಿದ ಯೆಹೂದಿ ಲೇಖಕಿ ಆಂಜಿಯಾ ಯೆಜಿಯರ್ಸ್ಕಾ ಅವರ ‘ಬ್ರೆಡ್ ಗಿವರ್ಸ್’ ಕಾದಂಬರಿಯು 1925ರಲ್ಲಿ ಪ್ರಕಟವಾಯಿತು. ಬಹುಕಾಲ ಮರೆವಿಗೆ ಸಂದಿದ್ದ ಈ ಕೃತಿ 1975ರಲ್ಲಿ ಪುನರ್ಮುದ್ರಣಗೊಂಡು ಮತ್ತೆ ವಾಚಕರನ್ನು ಪಡೆಯಿತು. ವಲಸಿಗರ ಬಡತನದ ಚಿತ್ರವೆಂದೇ ಇದನ್ನು ಹೊಗಳುವುದುಂಟು. ಆದರೆ ಇದರ ಜೀವಾಳವಿರುವುದು ಜ್ಞಾನಕ್ಕೂ ದುಡಿಮೆಗೂ ಇರುವ ಸಂಬಂಧದ ಪ್ರಶ್ನೆಯಲ್ಲಿ.

ಹೆಸ್ಟರ್ ಬೀದಿಯ ಇಕ್ಕಟ್ಟಾದ ಬಾಡಿಗೆ ಮನೆಯಲ್ಲಿ ತಂದೆ ರೆಬ್ ಸ್ಮೊಲಿನ್‌ಸ್ಕಿ ಧರ್ಮಗ್ರಂಥಗಳಲ್ಲಿ ಮಗ್ನನಾಗಿರುತ್ತಾನೆ. ಹೆಣ್ಣುಮಕ್ಕಳು ದುಡಿದು ಸಂಸಾರವನ್ನು ಸಾಗಿಸುತ್ತಾರೆ. ಹತ್ತು ವರ್ಷದ ಸಾರಾ ಬೀದಿಯಲ್ಲಿ ಮೀನು ಮಾರುತ್ತಾಳೆ. ಹಿರಿಯ ಮಗಳು ಬೆಸ್ಸಿಯನ್ನು ಮೀನು ಮಾರುವ ವಿಧುರನೊಬ್ಬನಿಗೆ ಕೊಟ್ಟು ತಂದೆ ಲಾಭವನ್ನೆಣಿಸುತ್ತಾನೆ. ಅನ್ನವಿಕ್ಕಿದವರ ಕಣ್ಣೀರನ್ನು ಕಾಣದ ಪಾಂಡಿತ್ಯವು ಅವನದು.

ಮನೆ ತೊರೆದ ಸಾರಾ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತ, ರಾತ್ರಿ ಓದಿ ಶಿಕ್ಷಕಿಯಾಗುತ್ತಾಳೆ. ಇದನ್ನು ಕೇವಲ ಮಗಳ ಬಂಡಾಯವೆಂದರೆ ಕಾದಂಬರಿಯ ಅರ್ಧವನ್ನಷ್ಟೇ ಓದಿದಂತಾಗುತ್ತದೆ. ಓದಿನ ಹಟದಲ್ಲಿ ಅವಳು ತಾಯಿಯನ್ನು ವರ್ಷಗಟ್ಟಲೆ ಕಾಣಲು ಹೋಗುವುದಿಲ್ಲ. ಹೋದಾಗ ತಾಯಿ ಮರಣಶಯ್ಯೆಯಲ್ಲಿರುತ್ತಾಳೆ. ತಂದೆಯ ಕಾಠಿಣ್ಯವೇ ಮಗಳ ವಿದ್ಯೆಯೊಳಗೂ ಹೊಕ್ಕಿರುವುದನ್ನು ಲೇಖಕಿ ಮರೆಮಾಚಿಲ್ಲ.

ಗೋಳಿನ ಧ್ವನಿ ಉದ್ದಕ್ಕೂ ಒಂದೇ ಎತ್ತರದಲ್ಲಿರುವುದು ಮತ್ತು ಪ್ರಾಂಶುಪಾಲ ಸೀಲಿಗ್‌ನ ಪ್ರೇಮವು ಅತಿ ಸುಲಭವಾಗಿ ಒದಗಿಬರುವುದು ಕೃತಿಯ ದೋಷಗಳು. ಆದರೂ ಮುಕ್ತಾಯವು ಸತ್ಯವಾಗಿದೆ. ಬೀದಿಯಲ್ಲಿ ಚ್ಯೂಯಿಂಗ್ ಗಮ್ ಮಾರುವ ಸ್ಥಿತಿಗಿಳಿದ ವೃದ್ಧ ತಂದೆಗೆ ಮಗಳು ಆಶ್ರಯವೀಯಬೇಕಾಗುತ್ತದೆ. ಅವನ ಭಾರ ಅವಳ ಮೇಲೆ ಮತ್ತೆ ಬೀಳುತ್ತದೆ. ಕರುಣೆಯಿಲ್ಲದ ವಿದ್ಯೆ ಯಾರದಾದರೂ ಅಪೂರ್ಣವೇ ಎಂಬುದನ್ನು ಈ ಕೃತಿ ಬೋಧಿಸದೆಯೇ ಕಾಣಿಸುತ್ತದೆ.